ತಲೆ ದಣಿದ ದಿನದ ವ್ಯಾಯಾಮ: ಏನು ಉಳಿಸಬೇಕು, ಏನು ಇಳಿಸಬೇಕು

ದಿನವಿಡೀ ಕುರ್ಚಿ ಬಿಟ್ಟು ಎದ್ದಿಲ್ಲ. ಭಾರ ಹೊತ್ತಿಲ್ಲ, ಬಿಸಿಲಲ್ಲಿ ಅಲೆದಿಲ್ಲ. ಆದರೂ ಸಂಜೆ ಓಡಲು ಹೊರಟರೆ ಮೊದಲ ಕಿಲೋಮೀಟರಿನಲ್ಲೇ ಕಾಲಿಗೆ ಕಲ್ಲು ಕಟ್ಟಿದ ಹಾಗೆ. ಇದು ಸೋಮಾರಿತನವಲ್ಲ. ಲೆಕ್ಕಪತ್ರ, ಪರೀಕ್ಷೆಯ ಓದು, ಸಾಲು ಸಾಲು ಮೀಟಿಂಗು, ಗಂಟೆಗಟ್ಟಲೆ ವಾಹನ ಓಡಿಸುವುದು, ಹೀಗೆ ಗಮನವನ್ನು ಬಿಗಿಹಿಡಿದು ಮಾಡುವ ಯಾವ ಕೆಲಸವಾದರೂ ಹೆಚ್ಚು ಹೊತ್ತು ನಡೆದರೆ ಆಮೇಲಿನ ವ್ಯಾಯಾಮದ ಮೇಲೆ ಅದರ ನೆರಳು ಬೀಳುತ್ತದೆ. ಆದರೆ ಎಲ್ಲ ವ್ಯಾಯಾಮದ ಮೇಲೂ ಒಂದೇ ಸಮ ಬೀಳುವುದಿಲ್ಲ. ಯಾವುದರ ಮೇಲೆ ಬೀಳುತ್ತದೆ, ಯಾವುದರ ಮೇಲಿಲ್ಲ ಎಂದು ತಿಳಿದರೆ ಅಂಥ ದಿನವನ್ನು ಪೂರ್ತಿ ಕೈಬಿಡಬೇಕಾಗಿಯೂ ಇಲ್ಲ, ಹಟ ಹಿಡಿದು ಕೆಡಿಸಿಕೊಳ್ಳಬೇಕಾಗಿಯೂ ಇಲ್ಲ.

ದಣಿದ ತಲೆ ಕಸಿದುಕೊಳ್ಳುವುದು ಏನನ್ನು?

ಈ ಗಮನಿಕೆ ಹಳೆಯದು. ಇಟಲಿಯ ತೂರಿನ್ ನಗರದ ಶರೀರಶಾಸ್ತ್ರಜ್ಞ ಆಂಜೆಲೊ ಮೊಸ್ಸೊ 19ನೇ ಶತಮಾನದ ಕೊನೆಯಲ್ಲೇ, ಬೆರಳಿನಿಂದ ತೂಕ ಎಳೆಯುವ ಒಂದು ಯಂತ್ರ ಕಟ್ಟಿ, ದೀರ್ಘ ಉಪನ್ಯಾಸ ಕೊಟ್ಟು ಬಂದ ಪ್ರಾಧ್ಯಾಪಕರ ಬೆರಳು ಬೇಗ ಸೋಲುವುದನ್ನು ತೋರಿಸಿದ್ದ. ಆದರೆ ಕಾರಣದ ಹತ್ತಿರಕ್ಕೆ ಕರೆದೊಯ್ದ ಪ್ರಯೋಗ 2009ರದು. ವೇಲ್ಸ್‌ನ ಬ್ಯಾಂಗರ್ ವಿಶ್ವವಿದ್ಯಾಲಯದಲ್ಲಿ ಸಾಮುಯೆಲೆ ಮಾರ್ಕೋರಾ ಮತ್ತು ಸಂಗಡಿಗರು 16 ಜನರಿಗೆ ಒಂದು ದಿನ 90 ನಿಮಿಷ ಗಮನ ಬೇಡುವ ಕಂಪ್ಯೂಟರ್ ಪರೀಕ್ಷೆ ಕೊಟ್ಟರು, ಇನ್ನೊಂದು ದಿನ ಅಷ್ಟೇ ಹೊತ್ತು ಸಾಕ್ಷ್ಯಚಿತ್ರ ತೋರಿಸಿದರು. ಎರಡೂ ದಿನ ಆಮೇಲೆ ಅವರವರ ಗರಿಷ್ಠ ಸಾಮರ್ಥ್ಯದ ಶೇ. 80ರಲ್ಲಿ, ಇನ್ನಾಗದು ಎನ್ನುವವರೆಗೆ ಸೈಕಲ್ ತುಳಿಸಿದರು. ಸಾಕ್ಷ್ಯಚಿತ್ರದ ದಿನ ಸರಾಸರಿ 754 ಸೆಕೆಂಡ್ ತುಳಿದವರು ತಲೆ ದಣಿದ ದಿನ 640 ಸೆಕೆಂಡಿಗೇ ಕೈಬಿಟ್ಟರು.

ಇದರಲ್ಲಿ ನೋಡಬೇಕಾದದ್ದು ಸೆಕೆಂಡುಗಳಿಗಿಂತ ಇನ್ನೊಂದು ಸಂಗತಿ. ಎದೆಬಡಿತ, ಆಮ್ಲಜನಕದ ಬಳಕೆ, ರಕ್ತದ ಲ್ಯಾಕ್ಟೇಟ್ (ಜೋರು ಶ್ರಮದಲ್ಲಿ ಸ್ನಾಯುಗಳಿಂದ ರಕ್ತಕ್ಕೆ ಸೇರುವ ವಸ್ತು), ಯಾವುದರಲ್ಲೂ ತುಳಿತಕ್ಕೆ ಅಡ್ಡಿಯಾಗುವಂಥ ವ್ಯತ್ಯಾಸ ಇರಲಿಲ್ಲ. ಬದಲಾಗಿದ್ದು ‘ಎಷ್ಟು ಕಷ್ಟ ಅನಿಸುತ್ತಿದೆ’ ಎಂಬ ಪ್ರಶ್ನೆಗೆ ಅವರು ಕೊಟ್ಟ ಅಂಕಿ. ಮೊದಲ ನಿಮಿಷಗಳಿಂದಲೇ ಅದು ಮೇಲಿತ್ತು. ಹಾಗಾಗಿ ಸಾಕಪ್ಪಾ ಎನ್ನುವ ಗೆರೆಯನ್ನು ಬೇಗ ಮುಟ್ಟಿತು. ಎಂಜಿನ್ ಅದೇ, ಇಂಧನವೂ ಅಷ್ಟೇ. ಅದೇ ಕೆಲಸಕ್ಕೆ ತೆರಬೇಕಾದ ಬೆಲೆ ಏರಿದೆ, ಅಷ್ಟೇ. ಈ ಲೇಖನದ ಮುಂದಿನ ಎಲ್ಲ ಹೆಜ್ಜೆಗಳೂ ಈ ಒಂದು ಮಾತಿನ ಮೇಲೆ ನಿಂತಿವೆ.

ವೇಗ ನಿಮ್ಮ ಕೈಯಲ್ಲೇ ಇದ್ದಾಗ ಇದು ಬೇರೆ ರೂಪ ತಾಳುತ್ತದೆ. 2014ರ ಒಂದು ಪ್ರಯೋಗದಲ್ಲಿ 30 ನಿಮಿಷದ ಬಣ್ಣ–ಪದಗಳ ಪರೀಕ್ಷೆಯ ನಂತರ (‘ಕೆಂಪು’ ಎಂಬ ಪದವನ್ನು ನೀಲಿ ಬಣ್ಣದಲ್ಲಿ ಬರೆದು ಬಣ್ಣ ಯಾವುದು ಎಂದು ಕೇಳುವಂಥದ್ದು) 5 ಕಿ.ಮೀ. ಓಟಕ್ಕೆ ಸರಾಸರಿ 24.4 ನಿಮಿಷ ಹಿಡಿಯಿತು. ಅಷ್ಟು ಬಿಗಿಯಿಲ್ಲದ ಪರೀಕ್ಷೆಯ ನಂತರ 23.1 ನಿಮಿಷ. ಅಲ್ಲಿ ಕಷ್ಟದ ಅಂಕಿ ಎರಡೂ ದಿನ ಒಂದೇ ಇತ್ತು, ಕಡಿಮೆಯಾದದ್ದು ವೇಗ. ಗೊತ್ತಾಗದ ಹಾಗೆ ನಾವೇ ಕಾಲು ಸಡಿಲ ಬಿಡುತ್ತೇವೆ.

ಒಂದು ಎಚ್ಚರಿಕೆ: ಸೋಲುವವರೆಗೆ ತುಳಿಯುವ ಪರೀಕ್ಷೆಯಲ್ಲಿ ಶೇ. 15ರ ಇಳಿಕೆ ಕಂಡರೆ ಸ್ಪರ್ಧೆಯ ಸಮಯವೂ ಶೇ. 15 ಕೆಡುತ್ತದೆ ಎಂದಲ್ಲ. ಅಂಥ ಪರೀಕ್ಷೆ ಸಣ್ಣ ಬದಲಾವಣೆಯನ್ನೂ ದೊಡ್ಡದು ಮಾಡಿ ತೋರಿಸುತ್ತದೆ. ಈ ವಿಷಯದ ಅಧ್ಯಯನಗಳಲ್ಲಿ ಹೆಚ್ಚಿನವು ಹತ್ತಿಪ್ಪತ್ತು ಜನರ ಮೇಲೆ ನಡೆದವು, ಪರಿಣಾಮವೇ ಕಾಣದ ಅಧ್ಯಯನಗಳೂ ಇವೆ. ಆದ್ದರಿಂದ ಪುಸ್ತಕದ ಸರಾಸರಿಗಿಂತ ನಿಮ್ಮದೇ ಮೈಯ ಅಂಕಿ ಮುಖ್ಯ. ಅದನ್ನು ಹಿಡಿಯುವುದು ಹೇಗೆಂದು ಮುಂದೆ ಇದೆ.

ಯಾವುದಕ್ಕೆ ಪೆಟ್ಟು ಬೀಳುವುದಿಲ್ಲ? ಒಂದೇ ಒಂದು ಬಾರಿ ಹಾಕುವ ಗರಿಷ್ಠ ಬಲ, ಎತ್ತರ ಜಿಗಿತ, ಕೆಲವೇ ಸೆಕೆಂಡುಗಳ ಸ್ಪ್ರಿಂಟ್, ಇವು ಬಹುಮಟ್ಟಿಗೆ ಹಾಗೆಯೇ ಉಳಿಯುತ್ತವೆ. ಪೆಟ್ಟು ಬೀಳುವುದು ಮೂರರ ಮೇಲೆ: ನಿಮಿಷಗಟ್ಟಲೆ ತಾಳಿಕೊಳ್ಳಬೇಕಾದ ಕೆಲಸ, ಸೋಲುವವರೆಗೆ ಮಾಡುವ ರೆಪ್‌ಗಳು (ಭಾರವನ್ನು ಒಂದು ಸಲ ಎತ್ತಿ ಇಳಿಸಿದರೆ ಒಂದು ರೆಪ್), ಮತ್ತು ಚೆಂಡಾಟದಂತೆ ಕಣ್ಣು–ನಿರ್ಧಾರ–ಕೈಕಾಲು ಒಟ್ಟಿಗೆ ಓಡಬೇಕಾದ ಕೌಶಲ. ಫುಟ್‌ಬಾಲ್ ಆಟಗಾರರಲ್ಲಿ ಓಟದ ತಾಳಿಕೆ ಮಾತ್ರವಲ್ಲ, ಪಾಸ್ ಮತ್ತು ಗೋಲಿನ ಹೊಡೆತದ ನಿಖರತೆಯೂ ಕೆಡುವುದು ಕಂಡಿದೆ.

ಮೆದುಳಿನ ‘ಸಕ್ಕರೆ ಮುಗಿಯಿತು’ ಎಂಬ ಜನಪ್ರಿಯ ವಿವರಣೆ ನಂಬುವಂಥದ್ದಲ್ಲ. ಸುಮ್ಮನೆ ಕೂತಾಗಲೂ ಮೆದುಳು ದೇಹದ ಶಕ್ತಿಯ ಸುಮಾರು ಐದನೇ ಒಂದು ಭಾಗ ಬಳಸುತ್ತದೆ. ತೀವ್ರವಾಗಿ ಯೋಚಿಸಿದರೆ ಅದಕ್ಕೆ ಸೇರುವುದು ಅತ್ಯಲ್ಪ. ಸಂಶೋಧಕರು ನೋಡುತ್ತಿರುವುದು ಸಂಗ್ರಹವಾಗುವ ರಾಸಾಯನಿಕಗಳ ಕಡೆಗೆ: ಎಚ್ಚರವಿದ್ದಷ್ಟೂ ಕೂಡಿಕೊಂಡು ಮಂಪರು ತರುವ ಅಡೆನೊಸಿನ್ ಒಂದು, ನರಕೋಶಗಳ ನಡುವೆ ಸುದ್ದಿ ಒಯ್ಯುವ ಗ್ಲುಟಮೇಟ್ ಇನ್ನೊಂದು. 2022ರಲ್ಲಿ ಪ್ಯಾರಿಸ್ಸಿನ ತಂಡವೊಂದು, ದಿನವಿಡೀ ಕಷ್ಟದ ಮಾನಸಿಕ ಕೆಲಸ ಮಾಡಿದವರ ಮೆದುಳಿನ ಮುಂಭಾಗದ ಒಂದು ಪ್ರದೇಶದಲ್ಲಿ, ಸುಲಭದ ಕೆಲಸ ಮಾಡಿದವರಿಗಿಂತ ಗ್ಲುಟಮೇಟ್ ಹೆಚ್ಚಿರುವುದನ್ನು ಅಳೆದಿತ್ತು.

ಹೆಜ್ಜೆ 1: ನಿಮ್ಮ ತಾಜಾ ದಿನದ ಅಂಕಿ ಬರೆದಿಟ್ಟುಕೊಳ್ಳಿ

ಇದನ್ನು ಬಿಟ್ಟು ಮುಂದಿನ ಯಾವ ಹೆಜ್ಜೆಯೂ ಕೆಲಸಕ್ಕೆ ಬಾರದು. ನಿದ್ದೆ ಚೆನ್ನಾಗಿ ಆಗಿರುವ, ತಲೆ ಹಗುರಾಗಿರುವ ಕನಿಷ್ಠ 4 ದಿನ ಆರಿಸಿ. ಪ್ರತಿ ಸಲವೂ ಒಂದೇ ವಾರ್ಮ್‌ಅಪ್ ಮಾಡಿ: ಟ್ರೆಡ್‌ಮಿಲ್‌ನಲ್ಲಾದರೆ ಒಂದೇ ವೇಗ, ಒಂದೇ ಏರು, ಸ್ಥಿರ ಸೈಕಲ್ಲಿನಲ್ಲಾದರೆ ಒಂದೇ ವ್ಯಾಟ್. 10 ನಿಮಿಷ. ಮಾತಾಡಲು ಬರುವ ಆದರೆ ಹಾಡಲು ಬಾರದ ತೀವ್ರತೆ ಸಾಕು. ಕೊನೆಯ ನಿಮಿಷದಲ್ಲಿ ಎರಡು ಅಂಕಿ ಬರೆಯಿರಿ: ಎದೆಬಡಿತ, ಮತ್ತು 0–10ರಲ್ಲಿ ಶ್ರಮದ ಅಂಕಿ. 0 ಅಂದರೆ ಏನೂ ಅಲ್ಲ, 3 ಹದವಾದ ಶ್ರಮ, 5 ಕಷ್ಟ, 7 ಬಹಳ ಕಷ್ಟ, 10 ಇನ್ನೊಂದು ಕ್ಷಣ ಆಗದು. ಸ್ವೀಡನ್ನಿನ ಗುನ್ನಾರ್ ಬೋರ್ಗ್ ರೂಪಿಸಿದ ಅಳತೆಗೋಲಿನ ಸರಳ ರೂಪ ಇದು.

ಅಂಕಿ ಕೊಡುವಾಗ ಬಹಳ ಜನ ತಪ್ಪುವುದು ಇಲ್ಲಿ: ಕಾಲು ನೋವು, ಬೇಸರ, ಸೆಕೆ ಎಲ್ಲವನ್ನೂ ಸೇರಿಸಿ ಅಂಕಿ ಕೊಡುತ್ತಾರೆ. ಕೇಳಿಕೊಳ್ಳಬೇಕಾದ ಪ್ರಶ್ನೆ ಒಂದೇ: ಕಾಲನ್ನು ಓಡಿಸಲು ಮತ್ತು ಉಸಿರಾಡಲು ಈಗ ಎಷ್ಟು ಜೋರು ಹಾಕುತ್ತಿದ್ದೇನೆ? ವಾಚಿನ ಅಂಕಿ ನೋಡುವ ಮೊದಲೇ ಉತ್ತರ ಹೇಳಿಬಿಡಿ. ಬಡಿತ ನೋಡಿದ ಮೇಲೆ ಕೊಟ್ಟ ಅಂಕಿ ನಿಮ್ಮದಲ್ಲ, ವಾಚಿನದು.

ಜೊತೆಗೆ ಒಬ್ಬರಿದ್ದರೆ, ಕಣ್ಣಿಗೆ ಕಂಡದ್ದಕ್ಕೆ ಕೈ ಎಷ್ಟು ಬೇಗ ಸ್ಪಂದಿಸುತ್ತದೆ ಎಂದು ಅಳೆಯಲು ಸ್ಕೇಲ್ ಹಿಡಿಯುವ ಪರೀಕ್ಷೆಯನ್ನೂ ಮಾಡಬಹುದು. 30 ಸೆಂ.ಮೀ. ಸ್ಕೇಲನ್ನು ಅವರು ಮೇಲ್ತುದಿಯಲ್ಲಿ ಹಿಡಿಯಲಿ. ಸೊನ್ನೆಯ ಗೆರೆ ನಿಮ್ಮ ಹೆಬ್ಬೆರಳು–ತೋರುಬೆರಳಿನ ನಡುವೆ, ಮುಟ್ಟದ ಹಾಗೆ. ಹೇಳದೆ ಕೇಳದೆ ಬಿಡಬೇಕು, ನೀವು ಹಿಡಿಯಬೇಕು. ಐದು ಸಲ ಮಾಡಿ, ಅತಿ ಚಿಕ್ಕದು ಮತ್ತು ಅತಿ ದೊಡ್ಡದನ್ನು ಬಿಟ್ಟು ಉಳಿದ ಮೂರರ ಸರಾಸರಿ ತೆಗೆಯಿರಿ. 15 ಸೆಂ.ಮೀ. ಎಂದರೆ ಸುಮಾರು 0.17 ಸೆಕೆಂಡ್, 20 ಸೆಂ.ಮೀ. ಎಂದರೆ 0.20, 25 ಸೆಂ.ಮೀ. ಎಂದರೆ 0.23. ಒಂದೆರಡು ಸೆಂ.ಮೀ. ಹೆಚ್ಚುಕಡಿಮೆಗೆ ಅರ್ಥವಿಲ್ಲ. ನಿಮ್ಮ ರೂಢಿಗಿಂತ 4–5 ಸೆಂ.ಮೀ. ಜಾರಿದರೆ, ಅಥವಾ ಐದರಲ್ಲಿ ಎರಡು ಸಲ ಸ್ಕೇಲ್ ಪೂರ್ತಿ ಕೈತಪ್ಪಿದರೆ, ಆ ದಿನ ಕೌಶಲದ ಕೆಲಸ ಬೇಡ.

ಹೆಜ್ಜೆ 2: ಇವತ್ತಿನ ದಣಿವು ಯಾವ ಜಾತಿಯದು?

ಅನುಮಾನ ಬಂದ ದಿನ ಅದೇ 10 ನಿಮಿಷ ಮಾಡಿ, ಹೋಲಿಸಿ. ತಾಜಾ ದಿನದಲ್ಲಿ ನಿಮ್ಮದು 128 ಬಡಿತ, ಶ್ರಮ 3 ಎಂದಿಟ್ಟುಕೊಳ್ಳೋಣ.

ಇವತ್ತು 130 ಬಡಿತ, ಶ್ರಮ 5: ಹೃದಯ ಎಂದಿನ ಹಾಗೇ ಇದೆ, ಬೆಲೆ ಮಾತ್ರ ಏರಿದೆ. ತಲೆಯ ದಣಿವಿನ ಗುರುತು ಇದೇ. ಎರಡು ಮೂರು ಬಡಿತದ ವ್ಯತ್ಯಾಸ ದಿನದಿಂದ ದಿನಕ್ಕೆ ಇದ್ದದ್ದೇ.

ಇವತ್ತು 141 ಬಡಿತ, ಶ್ರಮ 5: ಇದು ಬೇರೆ ಕಥೆ. ನೀರು ಸಾಲದು, ಕೋಣೆ ಬಿಸಿಯಾಗಿದೆ, ಜ್ವರ ಬರುವುದರಲ್ಲಿದೆ, ಇಲ್ಲವೇ ನಿದ್ದೆ ಪೂರ್ತಿ ಕೆಟ್ಟಿದೆ. ನೀರು ಕುಡಿದು, ಫ್ಯಾನ್ ಹಾಕಿ ಇನ್ನೊಮ್ಮೆ ನೋಡಿ. ಇಳಿಯದಿದ್ದರೆ ಮನೆಗೆ ಹೋಗುವುದೇ ಲೇಸು.

ಇವತ್ತು 119 ಬಡಿತ, ಆದರೂ ಶ್ರಮ 5, ಕಾಲು ಸೀಸದಂತೆ: ಬಡಿತ ಕಡಿಮೆ ಇದೆಯಲ್ಲ ಎಂದು ಖುಷಿಪಡಬೇಡಿ. ವಾರಗಟ್ಟಲೆ ಹೆಚ್ಚು ತರಬೇತಿ ಮಾಡಿದವರಲ್ಲಿ ಹೀಗಾಗುತ್ತದೆ. ಇದಕ್ಕೆ ಬೇಕಾದದ್ದು ಕೆಲವು ದಿನಗಳ ಹಗುರ ತರಬೇತಿ, ಕಾಫಿಯಲ್ಲ.

ವಿರಾಮದ ದಿನ ಬಂದರೂ, ರಜೆ ಬಂದರೂ ಈ ಸುಸ್ತು ಎರಡು ವಾರ ಬಿಡದಿದ್ದರೆ ಅದನ್ನು ‘ತಲೆ ದಣಿವು’ ಎಂದು ಹೆಸರಿಟ್ಟು ಕೂರಬಾರದು. ರಕ್ತಹೀನತೆ, ಥೈರಾಯ್ಡ್, ನಿದ್ದೆಯಲ್ಲಿ ಉಸಿರು ಕಟ್ಟುವ ತೊಂದರೆ, ಖಿನ್ನತೆ, ಎಲ್ಲವೂ ಇದೇ ವೇಷದಲ್ಲಿ ಬರುತ್ತವೆ. ವ್ಯಾಯಾಮದಲ್ಲಿ ಎದೆ ಹಿಡಿದಂತಾದರೆ, ತಲೆ ತಿರುಗಿ ಬಿದ್ದರೆ ಎರಡು ವಾರ ಕಾಯುವ ಮಾತೇ ಇಲ್ಲ, ಅಂದೇ ವೈದ್ಯರ ಬಳಿ ಹೋಗಿ.

ಹೆಜ್ಜೆ 3: ಆ ದಿನದ ಪಟ್ಟಿಯನ್ನು ತಿದ್ದಿ

ತಲೆಯ ದಣಿವೇ ಎಂದು ಖಚಿತವಾದ ಮೇಲೆ ಏನು ಮಾಡಬೇಕು ಎಂಬುದು ಅಂದು ಯಾವ ವ್ಯಾಯಾಮ ಇತ್ತು ಎಂಬುದನ್ನು ಅವಲಂಬಿಸಿದೆ.

ಭಾರ ಎತ್ತುವ ದಿನವಾದರೆ ತೂಕ ಇಳಿಸಬೇಡಿ, ರೆಪ್ ಇಳಿಸಿ. ಸ್ನಾಯುವಿನ ಬಲ ಹಾಗೇ ಇದೆ. ಸೋಲುವುದು ಸೆಟ್ಟಿನ ಕೊನೆಯ ರೆಪ್‌ಗಳು. 4 ಸೆಟ್ × 8 (ಎಂಟೆಂಟು ರೆಪ್‌ಗಳ ನಾಲ್ಕು ಸುತ್ತು) ಇದ್ದರೆ 4 × 5 ಮಾಡಿ, ಇನ್ನೂ 2–3 ರೆಪ್ ಬರುತ್ತಿತ್ತು ಎನ್ನುವಾಗಲೇ ಬಾರ್ ಇಡಿ. ಸೆಟ್‌ಗಳ ನಡುವಿನ ಬಿಡುವನ್ನು 2 ನಿಮಿಷದಿಂದ 3 ಮಾಡಿ. ತೂಕ ಇಳಿಸಿ ರೆಪ್ ಹೆಚ್ಚಿಸುವುದು ಸುಲಭವೆಂದು ತೋರುತ್ತದೆ, ಆದರೆ ಅದೇ ಉಲ್ಟಾ: ಹಗುರ ತೂಕದ 20 ರೆಪ್‌ಗಳ ಸೆಟ್ಟೇ ತಾಳಿಕೆಯನ್ನು ಬೇಡುವುದು, ಅಲ್ಲಿಯೇ ದಣಿದ ತಲೆ ಮೊದಲು ಕೈಕೊಡುವುದು. ಹಾಗೆಂದು ಬಲ ಇದೆಯಲ್ಲ ಎಂದು ಹೊಸ ಗರಿಷ್ಠ ದಾಖಲೆಗೆ ಕೈಹಾಕುವುದೂ ಬೇಡ. ಬಲ ಇರುತ್ತದೆ, ಬೆನ್ನು ಬಾಗಿದ್ದು ಗಮನಕ್ಕೆ ಬರುವುದಿಲ್ಲ. ನೆಲದಿಂದ ಬಾರ್ ಎತ್ತುವ ಡೆಡ್‌ಲಿಫ್ಟ್, ಸ್ನ್ಯಾಚ್‌ನಂಥವನ್ನು ಬಿಟ್ಟು ಆ ಹೊತ್ತಿಗೆ ಮೆಷಿನ್ ಅಥವಾ ಕೇಬಲ್‌ಗೆ ಹೋಗಿ; ಬೆಂಚ್‌ಪ್ರೆಸ್ ಮಾಡಲೇಬೇಕಿದ್ದರೆ ತಲೆಯ ಹಿಂದೆ ಒಬ್ಬರು ನಿಲ್ಲಲಿ.

ಇಂಟರ್ವಲ್ (ಜೋರು ಓಟದ ತುಂಡುಗಳು, ನಡುನಡುವೆ ಬಿಡುವು) ದಿನವಾದರೆ ಎರಡು ದಾರಿ. ವಾರದಲ್ಲಿ ಮುಂದೆ ತಾಜಾ ಬೆಳಗು ಇದ್ದರೆ ಅದನ್ನು ಅತ್ತ ತಳ್ಳಿ, ಇವತ್ತು 30–40 ನಿಮಿಷ ಸುಲಭ ಓಟ ಮಾಡಿ. ತಳ್ಳಲಾಗದಿದ್ದರೆ 6 × 3 ನಿಮಿಷವನ್ನು 4 × 3 ಮಾಡಿ, ತೀವ್ರತೆ ಹಾಗೇ ಇರಲಿ, ನಡುವಿನ ಬಿಡುವು ಒಂದು ನಿಮಿಷ ಹೆಚ್ಚಲಿ. ಇನ್ನೂ ಒಂದು ಉಪಾಯ: ಉದ್ದದ ಇಂಟರ್ವಲ್ ಬದಲು ತುಂಡು ತುಂಡಾಗಿ, 30 ಸೆಕೆಂಡ್ ಜೋರು, 30 ಸೆಕೆಂಡ್ ನಿಧಾನ. ಅಂತ್ಯ ಯಾವಾಗಲೂ ಕಣ್ಣೆದುರೇ ಇರುವುದರಿಂದ ಮನಸ್ಸು ಒಪ್ಪುತ್ತದೆ.

ಸುಲಭ ಓಟದ ದಿನವಾದರೆ ಏನೂ ತಿದ್ದಬೇಕಿಲ್ಲ, ವೇಗ ತೋರಿಸುವ ಪರದೆಯನ್ನು ಮುಚ್ಚಿದರೆ ಸಾಕು. ವಾಚ್ ಹೇಳಿದ ವೇಗಕ್ಕೆ ಹೊಂದಲು ಹೋಗಿ ಸುಲಭದ ಓಟವನ್ನು ಗುದ್ದಾಟ ಮಾಡಿಕೊಳ್ಳುವವರೇ ಹೆಚ್ಚು. ಎದೆಬಡಿತಕ್ಕೆ ಒಂದು ಮೇಲ್ಮಿತಿ ಹಾಕಿಕೊಂಡು ಹೊರಡಿ. ಇಂಥ 20–30 ನಿಮಿಷದ ನಂತರ ತಲೆ ಬಂದದ್ದಕ್ಕಿಂತ ಹಗುರಾಗಿರುವುದೇ ಸಾಮಾನ್ಯ, ಆದ್ದರಿಂದ ಪೂರ್ತಿ ರದ್ದು ಮಾಡುವುದು ಕೊನೆಯ ಆಯ್ಕೆಯಾಗಲಿ.

ಹೊಸ ಹೊಡೆತ ಕಲಿಯುವುದು, ವಾಹನ ಓಡಾಡುವ ರಸ್ತೆಯಲ್ಲಿ ಸೈಕಲ್, ಬಂಡೆ ಹತ್ತುವುದು: ಇವನ್ನು ಆ ದಿನ ಬಿಡಿ. ಇದರಲ್ಲಿ ರಿಯಾಯಿತಿ ಇಲ್ಲ.

ಹೆಜ್ಜೆ 4: ಶುರುವಿಗೆ ಮುಂಚಿನ ಒಂದು ಗಂಟೆ

ಇಲ್ಲಿ ಅತಿ ಅಗ್ಗದ ಪರಿಹಾರ ಫೋನನ್ನು ಪಕ್ಕಕ್ಕಿಡುವುದು. ಕೆಲಸ ಮುಗಿಸಿ ‘ಸ್ವಲ್ಪ ವಿಶ್ರಾಂತಿ’ ಎಂದು ಅರ್ಧ ಗಂಟೆ ಸಾಮಾಜಿಕ ಜಾಲತಾಣ ತಿರುವಿ ಹಾಕುವುದು ವಿಶ್ರಾಂತಿಯಲ್ಲ. ಕ್ರೀಡಾಪಟುಗಳಿಗೆ ಪಂದ್ಯದ ಮುಂಚೆ 30 ನಿಮಿಷ ಫೋನ್ ಕೊಟ್ಟ ಪ್ರಯೋಗಗಳಲ್ಲಿ ಮೈದಾನದ ನಿರ್ಧಾರಗಳು ಕೆಟ್ಟಿವೆ. ಸೆಟ್‌ಗಳ ನಡುವೆ ಸಂದೇಶಗಳಿಗೆ ಉತ್ತರ ಬರೆಯುವುದಕ್ಕೂ ಇದೇ ಮಾತು.

ಸಮಯವಿದ್ದರೆ 10–20 ನಿಮಿಷ ಮಲಗಿ. ಅಲಾರಂ 20ಕ್ಕೇ ಇಡಿ. ಅರ್ಧ ಗಂಟೆ ದಾಟಿ ಗಾಢ ನಿದ್ದೆಗೆ ಜಾರಿದರೆ ಎದ್ದಾಗ ಮಂಪರು ಹಿಡಿದು ಇದ್ದ ಚುರುಕೂ ಹೋಗುತ್ತದೆ. ನಿದ್ದೆ ಬಾರದಿದ್ದರೆ ಕಣ್ಣು ಮುಚ್ಚಿಕೊಂಡಿದ್ದರೂ ಆದೀತು.

ಕೆಫೀನ್ ಕೆಲಸ ಮಾಡುತ್ತದೆ, ಏಕೆಂದರೆ ಅದು ಅಡೆನೊಸಿನ್ ಕೂರುವ ಜಾಗವನ್ನೇ ಆಕ್ರಮಿಸುತ್ತದೆ. ಶ್ರಮದ ಅಂಕಿ ಇಳಿಯುತ್ತದೆ. ಪ್ರಮಾಣ ದೇಹದ ತೂಕದ ಕಿಲೋಗೆ 3 ಮಿ.ಗ್ರಾಂ., ವ್ಯಾಯಾಮಕ್ಕೆ 45–60 ನಿಮಿಷ ಮೊದಲು. 60 ಕಿಲೋದವರಿಗೆ 180 ಮಿ.ಗ್ರಾಂ., ಅಂದರೆ 240 ಮಿ.ಲೀ.ಯ ಎರಡು ಕಪ್ ಸೋಸಿದ ಕಾಫಿಯಷ್ಟು. ಆರೋಗ್ಯವಂತ ವಯಸ್ಕರಿಗೆ ದಿನದ ಒಟ್ಟು ಮಿತಿ 400 ಮಿ.ಗ್ರಾಂ., ಗರ್ಭಿಣಿಯರಿಗೆ 200. ಎದೆಬಡಿತದ ತೊಂದರೆ ಇರುವವರು ವೈದ್ಯರನ್ನು ಕೇಳದೆ ಮುಟ್ಟಬಾರದು. ಬೆಳಗಿನಿಂದ ಕುಡಿದದ್ದನ್ನೂ ಲೆಕ್ಕಕ್ಕೆ ಹಿಡಿಯಿರಿ. ಎಡವುವುದು ಸಂಜೆಯ ಹೊತ್ತಿನಲ್ಲಿ: ಕೆಫೀನ್ ಅರ್ಧಕ್ಕಿಳಿಯಲು ಸುಮಾರು 5 ಗಂಟೆ ಬೇಕು. ಮಲಗುವುದಕ್ಕೆ 6 ಗಂಟೆ ಮುಂಚೆ ಕೊಟ್ಟ 400 ಮಿ.ಗ್ರಾಂ. ಕೂಡ ಒಂದು ಗಂಟೆಗೂ ಹೆಚ್ಚು ನಿದ್ದೆ ತಿಂದದ್ದು ಪ್ರಯೋಗದಲ್ಲಿ ದಾಖಲಾಗಿದೆ. ಇವತ್ತಿನ ಓಟ ಉಳಿಸಲು ಹೋಗಿ ನಾಳೆಯ ತಲೆಯನ್ನೂ ದಣಿಸಿಕೊಂಡರೆ ಲೆಕ್ಕ ಎಲ್ಲಿಗೆ ಬಂತು?

ರಾತ್ರಿಯ ವ್ಯಾಯಾಮಕ್ಕೆ ಬದಲಿ: 100 ಮಿ.ಲೀ. ನೀರಿಗೆ 6 ಗ್ರಾಂ ಸಕ್ಕರೆ (ಒಂದೂವರೆ ಟೀ ಚಮಚ) ಕರಗಿಸಿ, 25 ಮಿ.ಲೀ.ಯಂತೆ ಬಾಯಲ್ಲಿ 5–10 ಸೆಕೆಂಡ್ ಮುಕ್ಕಳಿಸಿ ಉಗಿಯಿರಿ, ಹತ್ತು ನಿಮಿಷಕ್ಕೊಮ್ಮೆ. ನುಂಗದಿದ್ದರೂ ಕೆಲಸ ಮಾಡುತ್ತದೆ. ಬಾಯಿಯ ಗ್ರಾಹಕಗಳು ಮೆದುಳಿಗೆ ನೇರ ಸುದ್ದಿ ಕಳಿಸುತ್ತವೆ. ಹೊಟ್ಟೆ ತುಂಬಿದ್ದರೆ ಪರಿಣಾಮ ಕಡಿಮೆ.

ಹೆಜ್ಜೆ 5: ವ್ಯಾಯಾಮದ ನಡುವೆ ನಿರ್ಧಾರಗಳನ್ನು ಕಡಿಮೆ ಮಾಡಿ

ದಣಿದ ತಲೆಗೆ ಅತಿ ದುಬಾರಿ ಎಂದರೆ ‘ಮುಂದೇನು?’ ಎಂಬ ಪ್ರಶ್ನೆ. ಸೆಟ್, ತೂಕ, ಬಿಡುವು ಎಲ್ಲವನ್ನೂ ಚೀಟಿಯಲ್ಲಿ ಬರೆದು ತನ್ನಿ. ವೇಗ ಹಿಡಿಯುವ ಹೊಣೆಯನ್ನು ಟ್ರೆಡ್‌ಮಿಲ್‌ಗೋ ಜೊತೆ ಓಡುವವರಿಗೋ ಬಿಡಿ. ಹಾಡು ಹದವಾದ ತೀವ್ರತೆಯವರೆಗೆ ನೆರವಾಗುತ್ತದೆ, ಏದುಸಿರು ಬರುವ ಹಂತದಲ್ಲಿ ಅದರ ಗುಣ ಕುಗ್ಗುತ್ತದೆ.

ನಿಮಗೆ ನೀವೇ ಹೇಳಿಕೊಳ್ಳುವ ಮಾತನ್ನು ತಮಾಷೆ ಎಂದು ತಳ್ಳಬೇಡಿ. ಎರಡು ವಾರ ಇದನ್ನು ಕಲಿತು ಅಭ್ಯಾಸ ಮಾಡಿದವರು ಸೋಲುವವರೆಗಿನ ಸೈಕಲ್ ಪರೀಕ್ಷೆಯಲ್ಲಿ ಶೇ. 18ರಷ್ಟು ಹೆಚ್ಚು ಹೊತ್ತು ತುಳಿದದ್ದು 2014ರಲ್ಲಿ ಪ್ರಕಟವಾದ ಅಧ್ಯಯನದಲ್ಲಿದೆ. ಗುಟ್ಟು ಅಭ್ಯಾಸದಲ್ಲಿದೆ. ಎರಡು ಚಿಕ್ಕ ಮಾತು ಮೊದಲೇ ಆರಿಸಿ: ನಡುಹಂತಕ್ಕೆ ಒಂದು (‘ಹದವಾಗಿದೆ, ಹೀಗೇ ಹೋಗು’), ಕೊನೆಗೆ ಒಂದು (‘ಇಷ್ಟೇ, ನೂಕು’). ಕಷ್ಟದ ಅಂಕಿ 5 ದಾಟಿದಾಗ ಮೊದಲನೆಯದು, 8 ದಾಟಿದಾಗ ಎರಡನೆಯದು. ಸುಮ್ಮನೆ ಓಡುವ ದಿನಗಳಲ್ಲೂ ಬಳಸಿ ರೂಢಿ ಮಾಡಿಕೊಳ್ಳದಿದ್ದರೆ ಬೇಕಾದ ದಿನ ನೆನಪಿಗೇ ಬರುವುದಿಲ್ಲ.

ಹೆಜ್ಜೆ 6: ವಾರದ ಮಟ್ಟದಲ್ಲಿ ಜಾಗ ಬದಲಿಸಿ

ಮೂರು ವಾರ ದಿನಕ್ಕೊಂದು ಸಾಲು ಬರೆಯಿರಿ: ನಿದ್ದೆಯ ಗಂಟೆ, ಗಮನದ ಕೆಲಸದ ಗಂಟೆ, ಶುರುವಿನಲ್ಲಿ ತಲೆಯ ದಣಿವು 0–10ರಲ್ಲಿ ಎಷ್ಟು, ವಾರ್ಮ್‌ಅಪ್‌ನ ಎರಡು ಅಂಕಿ. ನಾಲ್ಕನೇ ವಾರಕ್ಕೆ ವಾರದ ಯಾವ ದಿನ, ಯಾವ ಹೊತ್ತು ನಿಮ್ಮನ್ನು ಸೋಲಿಸುತ್ತದೆ ಎಂಬುದು ಕಾಣತೊಡಗುತ್ತದೆ. ಕಷ್ಟದ ಎರಡು ವ್ಯಾಯಾಮಗಳನ್ನು ಬೆಳಗಿಗೆ, ಕೆಲಸಕ್ಕೆ ಮುಂಚೆ ಸರಿಸಿ. ಆದರೆ ಅದಕ್ಕಾಗಿ ನಿದ್ದೆ ಒಂದು ಗಂಟೆ ಕತ್ತರಿಸುವುದಾದರೆ ಬೇಡ. ಆ ವ್ಯಾಪಾರದಲ್ಲಿ ನಷ್ಟವೇ. ಸ್ಪರ್ಧೆಯ ಮುಂಚಿನ ದಿನ ಮತ್ತು ಅಂದಿನ ಬೆಳಗು ಲೆಕ್ಕ, ವಾದ, ದೂರದ ಡ್ರೈವಿಂಗ್ ಇಟ್ಟುಕೊಳ್ಳಬೇಡಿ. ತಂಡದ ಕೋಚ್‌ಗಳು ಪಂದ್ಯಕ್ಕೆ ಗಂಟೆ ಮುಂಚೆ ಉದ್ದನೆಯ ವಿಡಿಯೊ ವಿಶ್ಲೇಷಣೆ ನಡೆಸುವ ಪದ್ಧತಿಯೂ ಮರುಯೋಚನೆಗೆ ಅರ್ಹ.

ತಲೆಯನ್ನೇ ಪಳಗಿಸುವುದು

ಒಂದು ಪ್ರಯೋಗದಲ್ಲಿ ವೃತ್ತಿಪರ ಸೈಕಲ್ ಸ್ಪರ್ಧಿಗಳು 30 ನಿಮಿಷದ ಬಣ್ಣ–ಪದ ಪರೀಕ್ಷೆಯ ನಂತರವೂ ತಮ್ಮ 20 ನಿಮಿಷದ ಸಾಮರ್ಥ್ಯ ಉಳಿಸಿಕೊಂಡರು, ಹವ್ಯಾಸಿಗಳು ಕಳೆದುಕೊಂಡರು. ಹುಟ್ಟಿನಿಂದ ಬಂದದ್ದೋ ತರಬೇತಿಯಿಂದ ಬಂದದ್ದೋ, ಈ ತಾಳಿಕೆ ಎಲ್ಲರಲ್ಲೂ ಒಂದೇ ಅಲ್ಲ ಎಂಬುದಂತೂ ಹೌದು. ಇದರಿಂದಲೇ ದೇಹ ಮತ್ತು ಮನಸ್ಸನ್ನು ಒಟ್ಟಿಗೆ ದಣಿಸುವ ತರಬೇತಿ ಹುಟ್ಟಿಕೊಂಡಿದೆ. ಆಸಕ್ತರು ಹೀಗೆ ಮಾಡಿ ನೋಡಬಹುದು: ವಾರಕ್ಕೆ 2 ಸಲ, ಸ್ಥಿರ ಸೈಕಲ್ಲಿನಲ್ಲಿ ಮಾತ್ರ, ಶ್ರಮ 3 ಇರುವಾಗ 10 ನಿಮಿಷ ಬಣ್ಣ–ಪದದ ಆ್ಯಪ್ ಅಥವಾ 300ರಿಂದ 7 ಕಳೆಯುತ್ತಾ ಹೋಗುವ ಲೆಕ್ಕ. ಪ್ರತಿ ವಾರ 5 ನಿಮಿಷ ಸೇರಿಸುತ್ತಾ 30ಕ್ಕೆ ನಿಲ್ಲಿಸಿ. ಲೆಕ್ಕ ಸುಲಭವಾದೊಡನೆ ಬದಲಿಸಿ; ರೂಢಿಯಾದ ಪರೀಕ್ಷೆ ದಣಿಸುವುದಿಲ್ಲ. ಇದನ್ನು ಕಷ್ಟದ ಇಂಟರ್ವಲ್‌ಗೆ ಮುಂಚೆ ಇಟ್ಟರೆ ಇಂಟರ್ವಲ್ಲೇ ಕೆಡುತ್ತದೆ, ಆದ್ದರಿಂದ ಸುಲಭದ ದಿನಕ್ಕೆ ಮಾತ್ರ. ಕಚೇರಿಯಲ್ಲೇ ದಿನಕ್ಕೆ ಎಂಟು ಗಂಟೆ ತಲೆ ಸವೆಸುವವರಿಗೆ ಇದು ಬೇಕೇ ಎಂದು ಕೇಳಿದರೆ, ಬೇಡ. ಅವರ ಪಾಲಿನ ಪ್ರಮಾಣ ಆಗಲೇ ಸಂದಿದೆ. ಮಾಡುವವರು ಸ್ಪರ್ಧೆಗೆ ಎರಡು ವಾರ ಇರುವಾಗ ನಿಲ್ಲಿಸಿ, ಆ ಸಂಜೆಗಳನ್ನು ನಿದ್ದೆಗೆ ಕೊಡಿ.